ಅಣ್ಣತಮ್ಮಂದಿರನ್ನು ಹುಡುಕುವವರಿಗೆ: ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಶೋಧ ಸೇವೆಯ ವಿಮರ್ಶೆ

ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳಲ್ಲಿದ್ದು ಮಡಿದ ಸುಮಾರು 17 ಲಕ್ಷ ಸ್ತ್ರೀಪುರುಷರ ಹೆಸರು, ಸತ್ತ ದಿನಾಂಕ, ತುಕಡಿ ಹಾಗೂ ಸಮಾಧಿಯ ಜಾಗವನ್ನು ಯಾರು ಬೇಕಾದರೂ ಹಣ ಕೊಡದೆ ಹುಡುಕಬಹುದಾದ ಅಂತರ್ಜಾಲ ಸೇವೆಯೊಂದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ನಡೆಸುತ್ತಿದೆ. ಕನ್ನಡದಲ್ಲಿ ಇದರ ಪರಿಚಯ ಅಷ್ಟಾಗಿ ಆಗಿಲ್ಲವೆಂದು ನನಗೆ ಅನ್ನಿಸಿರುವುದರಿಂದಲೂ, ಒಂದೇ ಮನೆಯಿಂದ ಯುದ್ಧಕ್ಕೆ ಹೋಗಿ ಮರಳದ ಅಣ್ಣತಮ್ಮಂದಿರ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಇದಕ್ಕಿಂತ ವಿಸ್ತಾರವಾದ ಆಕರ ಸುಲಭವಾಗಿ ದೊರೆಯದಿರುವುದರಿಂದಲೂ, ಆ ಒಂದು ದೃಷ್ಟಿಯಿಂದಲೇ ಇದನ್ನು ಪರೀಕ್ಷಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸತ್ತ ಒಬ್ಬೊಬ್ಬ ಯೋಧನನ್ನೂ ಗೌರವದಿಂದ ಕಾಣುವುದರಲ್ಲಿ ಈ ಸೇವೆಗೆ ಸಾಟಿಯಿಲ್ಲ. ಆದರೆ ಅವರನ್ನು ಒಂದು ಮನೆಯ ಮಕ್ಕಳಾಗಿ ಒಟ್ಟುಗೂಡಿಸುವ ಕೆಲಸವನ್ನು ಅದು ಓದುಗನಿಗೇ ಬಿಟ್ಟಿದೆ, ಮತ್ತು ಭಾರತದ ಮನೆಗಳ ಮಟ್ಟಿಗೆ ಆ ಕೆಲಸ ಬಹಳ ಕಷ್ಟದ್ದಾಗಿದೆ. ನನ್ನ ಅಭಿಪ್ರಾಯದ ಸಾರ ಇಷ್ಟೇ. ಮುಂದಿನದು ಅದರ ವಿವರಣೆ.

ಆಯೋಗದ ಹಿನ್ನೆಲೆಯನ್ನು ತಿಳಿಯದೆ ಸೇವೆಯ ರೂಪ ಅರ್ಥವಾಗದು. ಮೊದಲ ಮಹಾಯುದ್ಧದ ಆರಂಭದಲ್ಲಿ ರೆಡ್‌ಕ್ರಾಸ್ ಘಟಕವೊಂದರ ಮುಖ್ಯಸ್ಥರಾಗಿ ಫ್ರಾನ್ಸಿಗೆ ಹೋದ ಫೇಬಿಯನ್ ವೇರ್ ಎಂಬವರು, ಸತ್ತ ಸಿಪಾಯಿಗಳನ್ನು ಎಲ್ಲೆಂದರಲ್ಲಿ ಹೂಳುತ್ತಿರುವುದನ್ನೂ ಯಾರನ್ನು ಎಲ್ಲಿ ಹೂಳಲಾಯಿತೆಂಬ ಲೆಕ್ಕವನ್ನು ಯಾರೂ ಇಡದಿರುವುದನ್ನೂ ಕಂಡು, ಸಮಾಧಿಗಳನ್ನು ಗುರುತಿಸಿ ಬರೆದಿಡುವ ಕೆಲಸವನ್ನು ತಾವೇ ಕೈಗೆತ್ತಿಕೊಂಡರು. ಆ ಕೆಲಸವೇ ಬೆಳೆದು 1917ರ ಮೇ 21ರಂದು ರಾಜಸನದಿನ ಮೂಲಕ ಇಂಪೀರಿಯಲ್ ಯುದ್ಧ ಸಮಾಧಿ ಆಯೋಗವಾಯಿತು. 1960ರಲ್ಲಿ ಈಗಿನ ಹೆಸರು ಬಂತು. ಪ್ರತಿಯೊಬ್ಬರ ಹೆಸರೂ ಸಮಾಧಿಯ ಮೇಲಾಗಲಿ ಸ್ಮಾರಕದ ಮೇಲಾಗಲಿ ಇರಬೇಕು, ಕಲ್ಲುಗಳು ಶಾಶ್ವತವಾಗಿರಬೇಕು, ಎಲ್ಲವೂ ಒಂದೇ ಮಾದರಿಯವಾಗಿರಬೇಕು, ಹುದ್ದೆ, ಜನಾಂಗ, ಮತಗಳ ಭೇದ ಕೂಡದು ಎಂಬ ತತ್ತ್ವಗಳನ್ನು ಅದು ತನಗೆ ತಾನೇ ವಿಧಿಸಿಕೊಂಡಿತು. ಸತ್ತವರ ದೇಹಗಳನ್ನು ಊರಿಗೆ ತರುವುದನ್ನು ನಿಷೇಧಿಸಿದ್ದರಿಂದ, ಹಣವಿದ್ದವರ ಮಗನಿಗೆ ಮನೆಯ ಹತ್ತಿರ ಸಮಾಧಿ, ಬಡವನ ಮಗನಿಗೆ ದೂರದೇಶದ ಮಣ್ಣು ಎಂಬ ವ್ಯತ್ಯಾಸವೂ ಉಳಿಯಲಿಲ್ಲ. ಇಂದು 150ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 23,000 ಸ್ಥಳಗಳಲ್ಲಿ ಹರಡಿರುವ ಸಮಾಧಿಗಳನ್ನೂ ಸ್ಮಾರಕಗಳನ್ನೂ ಈ ಆಯೋಗ ನೋಡಿಕೊಳ್ಳುತ್ತಿದೆ.

ಸಮಾನತೆಯ ಈ ತತ್ತ್ವ ಎಷ್ಟು ದೂರ ಹೋಗುತ್ತದೆಂಬುದನ್ನು ತಿಳಿಯಲು ಇಂಗ್ಲೆಂಡಿನ ಡರ್ಹಮ್ ಪ್ರಾಂತದ ಬ್ರಾಡ್‌ಫರ್ಡ್ ಸೋದರರ ದಾಖಲೆಗಳನ್ನು ತೆರೆದು ನೋಡಬೇಕು. ನಾಲ್ವರು ಸೋದರರಲ್ಲಿ ಮೂವರು ಯುದ್ಧದಲ್ಲಿ ತೀರಿಕೊಂಡರು. ಜೇಮ್ಸ್ 1917ರ ಮೇ ತಿಂಗಳಲ್ಲಿ ಮಡಿದರು. ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ರೋಲೆಂಡ್ ತಮ್ಮ 25ನೆಯ ವಯಸ್ಸಿಗೇ ಬ್ರಿಗೇಡಿಯರ್ ಜನರಲ್ ಆಗಿ, ಅದೇ ವರ್ಷದ ನವೆಂಬರ್ 30ರಂದು ಕಾಂಬ್ರೆಯ ರಣರಂಗದಲ್ಲಿ ತೀರಿಕೊಂಡರು. ನೌಕಾಪಡೆಯಲ್ಲಿದ್ದ ಜಾರ್ಜ್ 1918ರ ಏಪ್ರಿಲ್ 23ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಬೆಲ್ಜಿಯಂನ ಜೇಬ್ರುಗ್ ಬಂದರಿನ ದಾಳಿಯಲ್ಲಿ ಮಡಿದು ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು. ಎರ್ಮೀ ಎಂಬ ಫ್ರೆಂಚ್ ಹಳ್ಳಿಯ ಬ್ರಿಟಿಷ್ ಸಮಾಧಿ ಸ್ಥಳದಲ್ಲಿರುವ ಬ್ರಿಗೇಡಿಯರ್ ಜನರಲ್ಲರ ಕಲ್ಲು ಪಕ್ಕದ ಸಾಮಾನ್ಯ ಸಿಪಾಯಿಯ ಕಲ್ಲಿನಷ್ಟೇ ಎತ್ತರದ್ದು, ಅಂದರೆ 813 ಮಿಲಿಮೀಟರ್. ಪರದೆಯ ಮೇಲೂ ಇದೇ ಸಮತೆ ಪಾಲನೆಯಾಗಿದೆ: ಸೇನಾಧಿಕಾರಿಗೂ ಅಡುಗೆಯವನಿಗೂ ಒಂದೇ ಅಳತೆಯ ಒಂದು ಪುಟ.

ಇನ್ನು ಸೇವೆಯ ಬಳಕೆಯ ವಿಷಯ. ಮನೆತನದ ಹೆಸರು, ಸ್ವಂತ ಹೆಸರು ಅಥವಾ ಅದರ ಮೊದಲಕ್ಷರ, ಸೈನಿಕನ ಕ್ರಮಸಂಖ್ಯೆ, ರೆಜಿಮೆಂಟ್, ಯಾವ ದೇಶದ ಸೇನೆ, ಯಾವ ಯುದ್ಧ, ಸತ್ತ ದಿನಾಂಕ, ಸಮಾಧಿ ಸ್ಥಳದ ಹೆಸರು ಇವುಗಳಲ್ಲಿ ಯಾವುದನ್ನಾದರೂ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿ ಹುಡುಕಬಹುದು. ದೊರೆತ ಪಟ್ಟಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಅನುಕೂಲವೂ ಇದೆ. ಒಬ್ಬೊಬ್ಬರ ಪುಟದಲ್ಲಿ ಹೆಸರು, ಹುದ್ದೆ, ತುಕಡಿ, ಮರಣದ ದಿನ, ತಿಳಿದಿದ್ದರೆ ವಯಸ್ಸು, ಸಮಾಧಿಯ ಪ್ಲಾಟ್, ಸಾಲು ಮತ್ತು ಸಂಖ್ಯೆ ಇರುತ್ತವೆ. ದೇಹ ಸಿಗದಿದ್ದವರಿಗೆ ಯಾವ ಸ್ಮಾರಕದ ಯಾವ ಫಲಕದಲ್ಲಿ ಹೆಸರು ಕೊರೆಯಲಾಗಿದೆಯೆಂಬುದು ಇರುತ್ತದೆ. ಇದಕ್ಕಿಂತ ಬೆಲೆಯುಳ್ಳವು ಅದೇ ಪುಟದ ಕೆಳಗೆ ಸೇರಿಸಿರುವ ಮೂಲ ಕಾಗದಗಳ ಚಿತ್ರಗಳು. ಸಮಾಧಿಯನ್ನು ನೋಂದಾಯಿಸಿದಾಗಿನ ವರದಿ, ಕಲ್ಲಿನ ಮೇಲೆ ಏನನ್ನು ಕೆತ್ತಬೇಕೆಂದು ತಯಾರಿಸಿದ ಪಟ್ಟಿ, ಇವೆಲ್ಲ ಅನೇಕ ಕಡೆ ಗುಮಾಸ್ತರ ತಿದ್ದುಪಡಿಗಳ ಸಮೇತ ಕಾಣಸಿಗುತ್ತವೆ. ಮೊದಲು ಹೂತ ಜಾಗದಿಂದ ದೇಹವನ್ನು ತೆಗೆದು ದೊಡ್ಡ ಸಮಾಧಿ ಸ್ಥಳಕ್ಕೆ ಸ್ಥಳಾಂತರಿಸಿದ್ದರೆ ಅದೂ ಈ ಕಾಗದಗಳಲ್ಲಿ ತಿಳಿಯುತ್ತದೆ. ಇಂಥ ಕಾಗದಗಳನ್ನು ಹಣವಿಲ್ಲದೆ ಎಲ್ಲರ ಮುಂದೆ ತೆರೆದಿಟ್ಟಿರುವುದು ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಗುಣ.

ಅಣ್ಣತಮ್ಮಂದಿರನ್ನು ಹುಡುಕುವವರು ಮಾತ್ರ ಗಮನವಿಟ್ಟು ಓದಬೇಕಾದದ್ದು ಪುಟದಲ್ಲಿನ ಇನ್ನೊಂದು ಸಾಲನ್ನು. ಹೆಚ್ಚಿನ ಮಾಹಿತಿ ಎಂಬ ಶೀರ್ಷಿಕೆಯ ಆ ಸಾಲಿನಲ್ಲಿ ತಂದೆತಾಯಿಯ ಹೆಸರು, ಊರು, ಕೆಲವೊಮ್ಮೆ ಹೆಂಡತಿಯ ಹೆಸರು ಇರುತ್ತವೆ. ಎಷ್ಟೋ ದಾಖಲೆಗಳಲ್ಲಿ ಇವನ ಸೋದರನೂ ಮಡಿದನೆಂಬ ಒಂದು ವಾಕ್ಯವೂ ಇರುತ್ತದೆ. ಆಯೋಗದ ಇಡೀ ವ್ಯವಸ್ಥೆಯಲ್ಲಿ ಒಂದು ಮನೆಯ ಇಬ್ಬರನ್ನು ಜೋಡಿಸುವ ಕೊಂಡಿ ಬಹುಮಟ್ಟಿಗೆ ಇದೊಂದೇ. ಈ ಮಾಹಿತಿ ಬಂದದ್ದು ಯುದ್ಧ ಮುಗಿದ ಮೇಲೆ ಸತ್ತವರ ಹತ್ತಿರದ ಬಂಧುಗಳಿಗೆ ಕಳುಹಿಸಿದ ನಮೂನೆಗಳಿಂದ. ನಮೂನೆಯನ್ನು ತುಂಬಿ ಕಳುಹಿಸಿದವರ ಮಕ್ಕಳ ದಾಖಲೆ ಭರ್ತಿಯಾಯಿತು. ಮನೆ ಬದಲಿಸಿದವರ, ಓದುಬರಹ ಬಾರದವರ, ಅಥವಾ ಆ ಕಾಗದವನ್ನು ಮುಟ್ಟಲೂ ಮನಸ್ಸಾಗದವರ ಮಕ್ಕಳ ದಾಖಲೆಯಲ್ಲಿ ಆ ಜಾಗ ಖಾಲಿ ಉಳಿಯಿತು. ಹಾಗಾಗಿ ಸೋದರನ ಉಲ್ಲೇಖವಿಲ್ಲದ ಮಾತ್ರಕ್ಕೆ ಆ ಮನೆಯಲ್ಲಿ ಬೇರೆ ಯಾರೂ ಸಾಯಲಿಲ್ಲವೆಂದು ತೀರ್ಮಾನಿಸಕೂಡದು. ಇದನ್ನು ಹೊಸಬರಿಗೆ ನಾನು ಒತ್ತಿ ಹೇಳುತ್ತೇನೆ.

ಸೇವೆಯ ಶಕ್ತಿ ಮತ್ತು ಮಿತಿ ಎರಡನ್ನೂ ಒಟ್ಟಿಗೆ ತೋರಿಸುವ ಉದಾಹರಣೆಯಾಗಿ ಇಂಗ್ಲೆಂಡಿನ ಲಿಂಕನ್‌ಷೈರಿನ ಬೀಚಿ ಕುಟುಂಬವನ್ನು ತೆಗೆದುಕೊಳ್ಳೋಣ. ಫ್ರೀಸ್‌ಥಾರ್ಪ್ ಎಂಬ ಹಳ್ಳಿಯ ಪಾದ್ರಿಯ ಎಂಟು ಗಂಡುಮಕ್ಕಳೂ ಸೈನ್ಯಕ್ಕೆ ಸೇರಿದರು. ತಂದೆ ಯುದ್ಧಕ್ಕೆ ಮುಂಚೆಯೇ, 1912ರಲ್ಲಿ ತೀರಿಕೊಂಡಿದ್ದರು. ಆದ್ದರಿಂದ ಬಂದ ಒಂದೊಂದು ಸುದ್ದಿಯನ್ನೂ ಎದುರಿಸಬೇಕಾದವರು ತಾಯಿ ಏಮಿ ಬೀಚಿ. ಬಾರ್ನಾರ್ಡ್ 1915ರ ಸೆಪ್ಟೆಂಬರ್ 25ರಂದು, ಲೂಸ್ ಕದನ ಆರಂಭವಾದ ದಿನ, ಮಡಿದರು. ಫ್ರ್ಯಾಂಕ್ 1916ರ ನವೆಂಬರ್ 14ರಂದು ಸೊಮ್ ರಣರಂಗದಲ್ಲಿ ಆದ ಗಾಯದಿಂದ ತೀರಿಕೊಂಡರು. ಆಸ್ಟ್ರೇಲಿಯಾಕ್ಕೆ ವಲಸೆ ಹೋಗಿ ಆ ದೇಶದ ಸೇನೆಗೆ ಸೇರಿದ್ದ ಹೆರಾಲ್ಡ್, ಟರ್ಕಿಯ ಗಲಿಪೊಲಿ, ಫ್ರಾನ್ಸಿನ ಪೊಜಿಯೇರ್ ಕದನಗಳನ್ನು ದಾಟಿ ಬಂದು, 1917ರ ಏಪ್ರಿಲ್ 10ರಂದು ಬುಲ್ಕೂರಿನಲ್ಲಿ ಸತ್ತರು. ಶಾಲಾ ಉಪಾಧ್ಯಾಯರಾಗಿದ್ದ ಚಾರ್ಲ್ಸ್ ಅದೇ ವರ್ಷದ ಅಕ್ಟೋಬರ್ 20ರಂದು ಪೂರ್ವ ಆಫ್ರಿಕಾದಲ್ಲಿ, ಲಿಯೊನಾರ್ಡ್ ಡಿಸೆಂಬರ್ 29ರಂದು ಫ್ರಾನ್ಸಿನ ರೂಆನ್ ನಗರದ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟರು.

ಈ ಐವರ ಮನೆತನದ ಹೆಸರು ವಿರಳವಾದದ್ದರಿಂದ ಹುಡುಕಾಟ ಸುಲಭ; ಕೆಲವೇ ಹೆಸರುಗಳ ಒಂದು ಚಿಕ್ಕ ಪಟ್ಟಿಯಲ್ಲಿ ಅವರು ದೊರೆಯುತ್ತಾರೆ. ಆದರೆ ಪಟ್ಟಿಯಿಂದ ಒಂದೊಂದು ಪುಟಕ್ಕೆ ಹೋದಂತೆ ಮನೆ ಚದುರಿಹೋಗುತ್ತದೆ. ಒಬ್ಬನ ಹೆಸರು ದೇಹ ಸಿಗದವರ ಸ್ಮಾರಕದಲ್ಲಿ, ಇನ್ನೊಬ್ಬನ ಸಮಾಧಿ ಫ್ರಾನ್ಸಿನ ಹಳ್ಳಿಯೊಂದರ ಅಂಚಿನಲ್ಲಿ, ಮೂರನೆಯವನ ಹೆಸರು ವಿಲೇರ್ ಬ್ರೆತೊನೋದ ಆಸ್ಟ್ರೇಲಿಯನ್ ಸ್ಮಾರಕದ ಮೇಲೆ, ನಾಲ್ಕನೆಯವನ ಕಲ್ಲು ದಾರ್ ಎಸ್ ಸಲಾಮ್‌ನಲ್ಲಿ, ಐದನೆಯವನದು ರೂಆನ್‌ನಲ್ಲಿ. ಹೆರಾಲ್ಡ್ ಬೇರೆ ದೇಶದ ಸೇನೆಯಲ್ಲಿದ್ದುದರಿಂದ, ಬ್ರಿಟಿಷ್ ಸೇನೆ ಎಂದು ಗುರುತು ಹಾಕಿ ಹುಡುಕಿದರೆ ಅವರು ಪಟ್ಟಿಯಿಂದಲೇ ಜಾರಿಹೋಗುತ್ತಾರೆ. ಒಂದೇ ಮನೆಯವರನ್ನು ಹುಡುಕುವಾಗ ದೇಶದ ಗುರುತನ್ನು ಹಾಕದಿರುವುದು ಕ್ಷೇಮ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ಅನ್ನ ಹುಡುಕಿಕೊಂಡು ಹೋದ ಬ್ರಿಟಿಷ್ ಯುವಕರು ಆಯಾ ದೇಶದ ಸಮವಸ್ತ್ರದಲ್ಲೇ ಯುದ್ಧಕ್ಕೆ ಬಂದ ನಿದರ್ಶನಗಳು ಬಹಳ.

ಇದಕ್ಕಿಂತ ಆಳದ ಮಿತಿಯೊಂದು ಇದೆ. ಈ ಸೇವೆ ಸತ್ತವರನ್ನು ಮಾತ್ರ ಬಲ್ಲದು. ಅದೂ ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸತ್ತವರನ್ನು. ಗಲಿಪೊಲಿಯಲ್ಲಿ ತೀವ್ರವಾಗಿ ಗಾಯಗೊಂಡು ಬದುಕಿ ಉಳಿದ ಕ್ರಿಸ್ಟೋಫರ್ ಬೀಚಿಯಾಗಲಿ, ಅವರಂತೆಯೇ ಉಳಿದುಕೊಂಡ ಇನ್ನಿಬ್ಬರು ಸೋದರರಾಗಲಿ ಇಲ್ಲಿ ಸಿಗುವುದಿಲ್ಲ. ಡರ್ಹಮ್ ಪ್ರಾಂತದ ಬಾರ್ನಾರ್ಡ್ ಕಾಸಲ್ ಪಟ್ಟಣದ ಸ್ಮಿತ್ ಕುಟುಂಬದ ಸಂಗತಿಯೂ ಹೀಗೆಯೇ. ಐವರು ಮಕ್ಕಳು ಸತ್ತ ಮೇಲೆ ಊರಿನ ಪಾದ್ರಿಯ ಪತ್ನಿ ರಾಣಿ ಮೇರಿಯವರಿಗೆ ಪತ್ರ ಬರೆದು, ಆರನೆಯ ಮಗ ವಿಲ್ಫ್ರೆಡ್‌ನನ್ನಾದರೂ ಮನೆಗೆ ಕಳುಹಿಸುವಂತೆ ಬೇಡಿಕೊಂಡರು. ಆತನನ್ನು ರಣರಂಗದಿಂದ ವಾಪಸು ಕಳುಹಿಸಲಾಯಿತು. ಐವರ ದಾಖಲೆಗಳು ಇಲ್ಲಿವೆ. ಆರನೆಯವನು ಬದುಕಿದ ಕಾರಣದಿಂದಲೇ ಅವನ ಪುಟವಿಲ್ಲ, ಅವನನ್ನು ಉಳಿಸಿದ ಪತ್ರದ ಸುಳಿವೂ ಈ ದಾಖಲೆಗಳಿಂದ ದೊರೆಯದು. ಅದು ಆಯೋಗದ ಕರ್ತವ್ಯದ ಗಡಿಯ ಆಚೆಗಿನದೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಒಂದು ಮನೆಯ ಕಥೆಯನ್ನು ಕೇವಲ ಈ ಸೇವೆಯಿಂದ ಪೂರ್ತಿಯಾಗಿ ಕಟ್ಟಲಾಗದೆಂಬುದನ್ನು ಬಳಸುವವರು ಮೊದಲೇ ತಿಳಿದಿರಬೇಕು.

ಗ್ಲಾಸ್ಟರ್‌ಷೈರಿನ ಗ್ರೇಟ್ ರಿಸಿಂಗ್ಟನ್ ಎಂಬ ಸಣ್ಣ ಹಳ್ಳಿಯ ಸೋಲ್ಸ್ ಕುಟುಂಬದ ಐವರನ್ನು ಹುಡುಕಿದಾಗ ದಿನಾಂಕಗಳೇ ಮನಸ್ಸನ್ನು ತಡೆದು ನಿಲ್ಲಿಸುತ್ತವೆ. ಆಲ್ಬರ್ಟ್ 1916ರ ಮಾರ್ಚ್ 14, ಫ್ರೆಡರಿಕ್ ಅದೇ ವರ್ಷದ ಜುಲೈ 19, ವಾಲ್ಟರ್ ಆಗಸ್ಟ್ 2. ಅನಂತರ ಅವಳಿಗಳಾದ ಆಲ್ಫ್ರೆಡ್ ಮತ್ತು ಆರ್ಥರ್ 1918ರ ಏಪ್ರಿಲ್ 20 ಮತ್ತು 25, ಅಂದರೆ ಐದು ದಿನಗಳ ಅಂತರದಲ್ಲಿ. ಫ್ರೆಡರಿಕ್ ಅವರ ದೇಹ ಸಿಗಲಿಲ್ಲ. ನವದೆಹಲಿಯ ಇಂಡಿಯಾ ಗೇಟನ್ನು ರೂಪಿಸಿದ ಎಡ್ವಿನ್ ಲುಟೆನ್ಸರೇ ವಿನ್ಯಾಸ ಮಾಡಿ, 1932ರಲ್ಲಿ ಅನಾವರಣಗೊಂಡ ಫ್ರಾನ್ಸಿನ ತೀಪ್ವಾಲ್ ಸ್ಮಾರಕದ 72,000ಕ್ಕೂ ಹೆಚ್ಚು ಹೆಸರುಗಳಲ್ಲಿ ಅವರದೂ ಒಂದು. ಮಗನ ಸಮಾಧಿ ಇದೆ ಎಂದು ತಿಳಿದ ತಾಯಿಗೂ, ಕಣ್ಮರೆಯಾದನೆಂದಷ್ಟೇ ತಿಳಿದ ತಾಯಿಗೂ ಇರುವ ವ್ಯತ್ಯಾಸ ಈ ಮನೆಯಲ್ಲಿ ಒಬ್ಬಳೇ ತಾಯಿಯ ಪಾಲಿಗೆ ಬಂತು. ಸೇವೆಯ ಪುಟದಲ್ಲಿ ಅದು ಸಮಾಧಿ ಸಂಖ್ಯೆಯ ಬದಲು ಫಲಕದ ಸಂಖ್ಯೆಯಾಗಿ ಕಾಣುತ್ತದೆ. ಓದುವವರು ಆ ವ್ಯತ್ಯಾಸವನ್ನು ಗಮನಿಸದೆ ದಾಟಬಾರದು.

ಕಲ್ಲುಗಳ ಮೇಲಿನ ಬರಹದ ವಿಷಯವನ್ನೂ ಇಲ್ಲೇ ಹೇಳುವುದು ಒಳ್ಳೆಯದು. ಮೊದಲ ಯುದ್ಧದ ನಂತರ ಕುಟುಂಬದವರು ಕಲ್ಲಿನ ಕೆಳಭಾಗದಲ್ಲಿ 66 ಅಕ್ಷರಗಳ ಮಿತಿಯಲ್ಲಿ ತಮ್ಮದೇ ಮಾತನ್ನು ಕೆತ್ತಿಸಬಹುದಾಗಿತ್ತು. ಅಕ್ಷರಕ್ಕೆ ಮೂರೂವರೆ ಪೆನ್ಸ್ ದರವಿತ್ತು. ಅನಂತರ ಅದು ಇಷ್ಟವಿದ್ದರೆ ಕೊಡುವ ಕಾಣಿಕೆಯಾಯಿತು. ನ್ಯೂಜಿಲೆಂಡ್ ಸರ್ಕಾರ ಮಾತ್ರ ಸಮಾನತೆಯ ಹೆಸರಿನಲ್ಲಿ ತನ್ನ ಯೋಧರಿಗೆ ಇದನ್ನು ಅನುಮತಿಸಲಿಲ್ಲ. ಈ ಮಾತುಗಳನ್ನು ಕಲ್ಲಿನ ಪಟ್ಟಿಯ ಚಿತ್ರಗಳಲ್ಲಿ ಓದಬಹುದು, ಮತ್ತು ಅನೇಕ ಮನೆಗಳವರು ಆ 66 ಅಕ್ಷರಗಳಲ್ಲಿ ಇನ್ನೊಬ್ಬ ಮಗನ ಹೆಸರನ್ನೂ ಸೇರಿಸಿದ್ದಾರೆ. ಹೆಚ್ಚಿನ ಮಾಹಿತಿಯ ಸಾಲು ಖಾಲಿಯಿದ್ದಾಗ ಸೋದರನ ಸುಳಿವು ಇಲ್ಲಿ ಸಿಗಬಹುದು. ಆದ್ದರಿಂದ ಪುಟದ ಮೇಲಿನ ಅಚ್ಚುಕಟ್ಟಾದ ವಿವರಗಳನ್ನು ಓದಿ ಮುಚ್ಚದೆ, ಕೆಳಗಿನ ಚಿತ್ರಗಳನ್ನು ದೊಡ್ಡದು ಮಾಡಿ ನೋಡಬೇಕು.

ಈ ದಾಖಲೆಗಳು ಮುಗಿದ ಪುಸ್ತಕವಲ್ಲ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ನನಾಂಗೊ ಊರಿನ ಜಾನ್ ಹಂಟರ್ 1917ರ ಸೆಪ್ಟೆಂಬರ್ 26ರಂದು ಬೆಲ್ಜಿಯಂನ ಪಾಲಿಗನ್ ವುಡ್ ಕದನದಲ್ಲಿ ಸತ್ತಾಗ, ಅದೇ ಸೇನೆಯಲ್ಲಿದ್ದ ತಮ್ಮ ಜಿಮ್ ತನ್ನ ಕೈಯಾರೆ ಅಣ್ಣನನ್ನು ಜತನದಿಂದ ಸುತ್ತಿ ಹೂತನು. ಮುಂದಿನ ಗುಂಡಿನ ದಾಳಿಗಳಲ್ಲಿ ಆ ಜಾಗದ ಗುರುತೇ ಅಳಿಸಿಹೋಯಿತು. ಜಿಮ್ ಬದುಕಿ ಊರಿಗೆ ಮರಳಿದರೂ ಅಣ್ಣನ ಸಮಾಧಿ ಮತ್ತೆ ಸಿಗಲಿಲ್ಲ. 2006ರಲ್ಲಿ ಪೈಪು ಹಾಕಲು ನೆಲ ಅಗೆಯುವಾಗ ಐವರು ಆಸ್ಟ್ರೇಲಿಯನ್ನರ ಅವಶೇಷಗಳು ದೊರೆತವು. ಡಿಎನ್‌ಎ ಪರೀಕ್ಷೆಯಿಂದ ಅವರಲ್ಲೊಬ್ಬರು ಜಾನ್ ಹಂಟರ್ ಎಂದು ಗೊತ್ತಾಗಿ, 2007ರಲ್ಲಿ ಅವರನ್ನು ಬಟ್ಸ್ ನ್ಯೂ ಬ್ರಿಟಿಷ್ ಸಮಾಧಿ ಸ್ಥಳದಲ್ಲಿ ಸೇನಾ ಗೌರವದೊಂದಿಗೆ ಹೂಳಲಾಯಿತು. ತೊಂಬತ್ತು ವರ್ಷಗಳ ಬಳಿಕವೂ ಗುರುತು ಸಿಕ್ಕವನಿಗೆ ಸ್ವಂತ ಸಮಾಧಿಯನ್ನು ಕೊಟ್ಟು ದಾಖಲೆಯನ್ನು ತಿದ್ದುವ ಈ ನಿಷ್ಠೆಗೆ ನಾನು ಮನಃಪೂರ್ವಕವಾಗಿ ತಲೆಬಾಗುತ್ತೇನೆ.

ಇನ್ನು ಭಾರತದ ಯೋಧರ ವಿಷಯ. ಕನ್ನಡದ ಓದುಗರಿಗೆ ಇದೇ ಮುಖ್ಯವಾದುದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಅವಿಭಜಿತ ಭಾರತದ ಸುಮಾರು 74,000 ಮಂದಿಯೂ ಎರಡನೆಯದರಲ್ಲಿ ಸುಮಾರು 87,000 ಮಂದಿಯೂ ಸತ್ತರು. ಅವರ ದಾಖಲೆಗಳನ್ನು ತೆರೆದರೆ ತಂದೆಯ ಹೆಸರು, ಹಳ್ಳಿ, ತಹಸೀಲು, ಜಿಲ್ಲೆ ಹೀಗೆ ಚೊಕ್ಕವಾಗಿ ಬರೆದ ಒಂದು ಸಾಲು ಅನೇಕ ಕಡೆ ಸಿಗುತ್ತದೆ. ಬ್ರಿಟಿಷ್ ದಾಖಲೆಗಳಲ್ಲಿ ತಾಯಿಯ ಹೆಸರಿರುವಂತೆ ಇಲ್ಲಿ ತಾಯಿ ಕಾಣುವುದು ಅಪರೂಪ. ಹುಡುಕಾಟದ ಮೊದಲ ಆಧಾರವಾದ ಮನೆತನದ ಹೆಸರೇ ನಮ್ಮವರಲ್ಲಿ ಬಹುಪಾಲು ಇರಲಿಲ್ಲ. ಊರ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್ ಮಾಡಿಕೊಂಡು ಬಂದ ನಮಗೆ ಇದನ್ನು ವಿವರಿಸಬೇಕಾಗಿಲ್ಲ: ಅಣ್ಣ ರಾಮ, ತಮ್ಮ ಲಕ್ಷ್ಮಣ ಎಂದಷ್ಟೇ ಪಟ್ಟಿಯಲ್ಲಿ ಬರೆದಿದ್ದರೆ ಅವರು ಒಂದೇ ತಾಯಿಯ ಮಕ್ಕಳೆಂದು ಯಾವ ಯಂತ್ರಕ್ಕೂ ತಿಳಿಯದು. ಸಿಂಗ್, ಖಾನ್ ಎಂಬ ಹೆಸರುಗಳಿಂದ ಹುಡುಕಿದರೆ ಸಾವಿರಾರು ಮಂದಿ ಬರುತ್ತಾರೆ. ಉಳಿಯುವ ದಾರಿ ಒಂದೇ: ಹೆಚ್ಚಿನ ಮಾಹಿತಿಯ ಜಾಗದಲ್ಲಿ ಹಳ್ಳಿಯ ಹೆಸರನ್ನು ತುಂಬಿ ಹುಡುಕಿ, ಬಂದ ಪಟ್ಟಿಯಲ್ಲಿ ತಂದೆಯ ಹೆಸರು ಒಂದೇ ಇರುವವರನ್ನು ಕೈಯಿಂದ ಆರಿಸುವುದು. ಹಳ್ಳಿಯ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿಗಿಳಿಸಿರುವುದರಿಂದ ಎರಡು ಮೂರು ಬಗೆಯ ಕಾಗುಣಿತಗಳಲ್ಲಿ ಪ್ರಯತ್ನಿಸಬೇಕಾಗುತ್ತದೆ. ಇಷ್ಟೆಲ್ಲ ಮಾಡಿದರೂ, ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ತಂದೆಯರಿರಬಹುದಾದ್ದರಿಂದ, ಸಿಕ್ಕಿದ್ದು ಊಹೆಯೇ ಹೊರತು ಪುರಾವೆಯಲ್ಲ.

ಇದರ ಹಿಂದೆ ಹೆಸರಿಡುವ ಪದ್ಧತಿಯ ವ್ಯತ್ಯಾಸ ಮಾತ್ರವಲ್ಲ, ಒಂದು ಅನ್ಯಾಯವೂ ಇದೆ. ಅದನ್ನು ಆಯೋಗವೇ ನೇಮಿಸಿದ ಸಮಿತಿ 2021ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಹೇಳಿತು. ಮೊದಲ ಯುದ್ಧದಲ್ಲಿ ಸತ್ತ, ಬಹುಪಾಲು ಭಾರತ, ಪೂರ್ವ ಮತ್ತು ಪಶ್ಚಿಮ ಆಫ್ರಿಕಾ, ಈಜಿಪ್ಟ್, ಸೊಮಾಲಿಯಾಗಳ 45,000ದಿಂದ 54,000 ಮಂದಿಯ ಸ್ಮರಣೆ ಉಳಿದವರಿಗೆ ಸಮನಾಗಿ ನಡೆಯಲಿಲ್ಲ. ಇವರಲ್ಲದೆ ಕನಿಷ್ಠ 1,16,000, ಬಹುಶಃ 3,50,000ದವರೆಗಿನ ಮಂದಿಯ ಹೆಸರನ್ನು ಎಲ್ಲೂ ಕೆತ್ತಲಿಲ್ಲ ಅಥವಾ ಅವರನ್ನು ಸ್ಮರಿಸಲೇ ಇಲ್ಲ ಎಂಬುದು ಆ ವರದಿಯ ತೀರ್ಮಾನ. ಆಯೋಗ ಕ್ಷಮೆ ಕೇಳಿತು. ಇರಾಕಿನ ಬಸ್ರಾ ಸ್ಮಾರಕ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಮೆಸಪೊಟೇಮಿಯಾದಲ್ಲಿ ಸತ್ತು ಸಮಾಧಿ ತಿಳಿಯದ 40,000ಕ್ಕೂ ಹೆಚ್ಚು ಮಂದಿಗಾಗಿ ಕಟ್ಟಿದ ಆ ಸ್ಮಾರಕದ ಕಲ್ಲಿನ ಮೇಲೆ ಬ್ರಿಟಿಷ್ ಸಾಮಾನ್ಯ ಸಿಪಾಯಿಗೂ ಹೆಸರಿದೆ. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು, ಸಿಪಾಯಿಗಳು ಆಯಾ ಪಲ್ಟನ್ನಿನ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆ. ಅಂಥ ಒಂದು ಸಂಖ್ಯೆಯೊಳಗೆ ಅಣ್ಣನೂ ತಮ್ಮನೂ ಇದ್ದಿದ್ದರೆ ಆ ಕಲ್ಲಿನಿಂದ ಅದನ್ನು ತಿಳಿಯುವ ಉಪಾಯವೇ ಇಲ್ಲ. ಒಂದೊಂದು ಹೆಸರೂ ಉಳಿಯಬೇಕೆಂಬ ಮೊದಲ ತತ್ತ್ವವೇ ಇಲ್ಲಿ ಮುರಿದುಬಿದ್ದಿದೆ, ಮತ್ತು ಇದನ್ನು ಹೇಳದೆ ಈ ಸೇವೆಯನ್ನು ಹೊಗಳುವುದು ಆ ಸಿಪಾಯಿಗಳಿಗೆ ಮಾಡುವ ದ್ರೋಹವೆಂದು ನಾನು ಭಾವಿಸುತ್ತೇನೆ.

ಎಲ್ಲ ಕಡೆಯೂ ಹೀಗಾಗಿಲ್ಲ ಎಂಬುದನ್ನೂ ಹೇಳಬೇಕು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ, ಹರ್ಬರ್ಟ್ ಬೇಕರ್ ವಿನ್ಯಾಸದ ಸ್ಮಾರಕದಲ್ಲಿ ಪಶ್ಚಿಮ ರಣರಂಗದಲ್ಲಿ ಸತ್ತ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಇಂಗ್ಲೆಂಡಿನ ಬ್ರೈಟನ್ ಹತ್ತಿರ ದಹನ ಮಾಡಲಾದ 53 ಹಿಂದೂ ಮತ್ತು ಸಿಖ್ ಯೋಧರ ಹೆಸರುಗಳನ್ನು, ಅಲ್ಲಿನ ಛತ್ರಿ ಸ್ಮಾರಕದ ಪಕ್ಕದಲ್ಲಿ, 2010ರಲ್ಲಿ ಆಯೋಗ ಕಲ್ಲಿನ ಮೇಲೆ ಕೆತ್ತಿಸಿತು. 2021ರ ವರದಿಯ ಬಳಿಕ ಕೆಲಸ ಮುಂದುವರಿದು, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2025ರ ಜನವರಿಯಲ್ಲಿ, ಅಲ್ಲಿಯವರೆಗೆ ಎಲ್ಲೂ ಹೆಸರಿಲ್ಲದಿದ್ದ 1,700ಕ್ಕೂ ಹೆಚ್ಚು ಕಪ್ಪು ಕಾರ್ಮಿಕ ದಳದವರ ಸ್ಮಾರಕ ತೆರೆಯಿತು. ತಡವಾಗಿ ಬಂದ ನ್ಯಾಯವಾದರೂ ಅದರಿಂದ ದಾಖಲೆಗಳಿಗೆ ಹೊಸ ಹೆಸರುಗಳು ಸೇರುತ್ತಿವೆ. ಇಂದು ಸಿಗದವನು ಮುಂದೆ ಸಿಗಬಹುದಾದ್ದರಿಂದ, ಒಮ್ಮೆ ಹುಡುಕಿ ಕೈಬಿಟ್ಟವರು ಮತ್ತೆ ಹುಡುಕಬೇಕು.

ಕರ್ನಾಟಕದವರಿಗೆ ಆರಂಭಿಸಲು ಸಹಜವಾದ ಜಾಗ ಮೈಸೂರು ಲ್ಯಾನ್ಸರ್ಸ್. ಮೈಸೂರು ಸಂಸ್ಥಾನದ ಈ ಅಶ್ವದಳ ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ದಳದ ಸ್ಮಾರಕವಿದೆ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ಸತ್ತ ಭಾರತೀಯರಿಗೆಂದು ಸೂಯೆಜ್ ಕಾಲುವೆಯ ಬಾಯಿಯಲ್ಲಿ ಪೋರ್ಟ್ ತೌಫೀಕ್‌ನಲ್ಲಿ ಕಟ್ಟಿದ್ದ ಸ್ಮಾರಕ ಅರಬ್–ಇಸ್ರೇಲ್ ಯುದ್ಧಗಳಲ್ಲಿ ಹಾಳಾದ್ದರಿಂದ, ಅದರ ಬದಲಿಗೆ ಕೈರೋದ ಹೀಲಿಯೊಪೊಲಿಸ್ ಸಮಾಧಿ ಸ್ಥಳದಲ್ಲಿ ಹೊಸದನ್ನು ನಿರ್ಮಿಸಲಾಗಿದೆ. ಆ ರಣರಂಗದಲ್ಲಿ ಸತ್ತವರನ್ನು ಹುಡುಕುವವರು ಈ ಎರಡೂ ಹೆಸರುಗಳನ್ನು ನೆನಪಿಡಬೇಕು. ಕಣ್ಣಾರೆ ನೋಡಬಯಸುವವರಿಗೆ ಬೆಂಗಳೂರಿನಿಂದ ಹತ್ತಿರದ ದೊಡ್ಡ ಸಮಾಧಿ ಸ್ಥಳ ಚೆನ್ನೈನ ನಂದಂಬಾಕ್ಕಂನಲ್ಲಿದೆ. ದಕ್ಷಿಣ ಮತ್ತು ಪೂರ್ವ ಭಾರತದ ಹಲವು ಚರ್ಚು ಹಾಗೂ ಕಂಟೋನ್ಮೆಂಟ್ ಸ್ಮಶಾನಗಳಲ್ಲಿ, ಶಾಶ್ವತವಾಗಿ ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದ ಎರಡನೆಯ ಯುದ್ಧದ ಸಮಾಧಿಗಳನ್ನು 1952ರಲ್ಲಿ ಇಲ್ಲಿಗೆ ತರಲಾಯಿತು. ಪಶ್ಚಿಮಕ್ಕೆ ಹೋಗುವವರಿಗೆ ಪುಣೆಯ ಖಡಕಿ ಇದೆ. ಹೊರಡುವ ಮುಂಚೆ ಸೇವೆಯಲ್ಲಿ ಆಯಾ ಸ್ಥಳದ ಪುಟವನ್ನು ತೆರೆದು ದಾರಿ, ವೇಳೆ ಮತ್ತು ನಕಾಶೆಯನ್ನು ನೋಡಿಕೊಂಡರೆ, ನೂರಾರು ಒಂದೇ ರೀತಿಯ ಕಲ್ಲುಗಳ ನಡುವೆ ಬೇಕಾದ ಸಾಲಿಗೆ ನೇರವಾಗಿ ಹೋಗಬಹುದು.

ಏಮಿ ಬೀಚಿಯವರನ್ನು 1918ರಲ್ಲಿ ದೊರೆ ಮತ್ತು ರಾಣಿಗೆ ಪರಿಚಯಿಸಿ, ಅವರ ತ್ಯಾಗಕ್ಕಾಗಿ ಧನ್ಯವಾದ ಹೇಳಿದಾಗ, ಅದು ತ್ಯಾಗವಲ್ಲ, ತಾನು ಮಕ್ಕಳನ್ನು ಮನಸಾರೆ ಕೊಟ್ಟವಳಲ್ಲ ಎಂದು ಆ ತಾಯಿ ಉತ್ತರಿಸಿದರೆಂದು ಪ್ರಸಿದ್ಧವಾಗಿದೆ. ಸೇನೆಯ ಕಣ್ಣಿನಲ್ಲಿ ಐವರು ಬೇರೆ ಬೇರೆ ತುಕಡಿಗಳ ಐದು ಸಾವುಗಳು. ತಾಯಿಯ ಕಣ್ಣಿನಲ್ಲಿ ಒಂದೇ ಮನೆ. ಆಯೋಗದ ಸೇವೆಯನ್ನು ಕಟ್ಟಿರುವುದು ಮೊದಲ ಲೆಕ್ಕದ ಮೇಲೆ. ಒಂದು ದಾಖಲೆಯಿಂದ ಅದೇ ತಂದೆತಾಯಿಯರ ಇನ್ನೊಬ್ಬ ಮಗನ ದಾಖಲೆಗೆ ನೇರವಾಗಿ ಹೋಗುವಂತಹ ಕೊಂಡಿಯನ್ನು ಪ್ರತಿ ಪುಟದಲ್ಲೂ ಸೇರಿಸಿದರೆ, ಒಬ್ಬೊಬ್ಬನ ಗೌರವಕ್ಕೂ ಕುಂದಿಲ್ಲದೆ ಎರಡನೆಯ ಲೆಕ್ಕವೂ ಉಳಿಯುತ್ತದೆ. ಬ್ರಿಟಿಷ್ ಮನೆಗಳ ಮಟ್ಟಿಗೆ ಇದಕ್ಕೆ ಬೇಕಾದ ಮಾಹಿತಿ ಬಹುಪಾಲು ಆಗಲೇ ಕೈಯಲ್ಲಿದೆ. ಭಾರತದ ಮನೆಗಳಿಗೆ ಹೊರಗಿನ ದಾಖಲೆಗಳ ನೆರವು ಬೇಕು. ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ದೊರೆತ ಪಂಜಾಬಿನ ಸುಮಾರು 3,20,000 ಸೈನಿಕರ ಹಳ್ಳಿವಾರು ಪಟ್ಟಿಗಳು ಅಂಥವು. ನಮ್ಮ ಜಿಲ್ಲೆಗಳಿಗೂ ಅಂಥ ಪಟ್ಟಿ ಎಲ್ಲಾದರೂ ಇದ್ದರೆ ಅದನ್ನು ಹೊರತೆಗೆಯುವ ಕೆಲಸ ನಮ್ಮ ವಿದ್ವಾಂಸರದು.

ಅಲ್ಲಿಯವರೆಗೆ, ಈ ಸೇವೆಯನ್ನು ಎಲ್ಲರೂ ಬಳಸಬೇಕೆಂದು ನಾನು ಶಿಫಾರಸು ಮಾಡುತ್ತೇನೆ, ಮತ್ತು ಮನೆಯಲ್ಲಿ ಹಳೆಯ ಪದಕಗಳಿರುವವರಿಗೆ ಒಂದು ಸೂಚನೆ ಕೊಡುತ್ತೇನೆ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್‌ಗಳ ಅಂಚಿನ ಮೇಲೆ ಸೈನಿಕನ ಕ್ರಮಸಂಖ್ಯೆ, ಹುದ್ದೆ, ಹೆಸರು ಮತ್ತು ತುಕಡಿಯನ್ನು ಕೆತ್ತಿರುತ್ತಾರೆ. ಸತ್ತವರ ಮನೆಗೆ ಕಳುಹಿಸಿದ ಕಂಚಿನ ಸ್ಮರಣ ಫಲಕದ ಮೇಲೆ ಹುದ್ದೆಯಿಲ್ಲದೆ ಹೆಸರು ಮಾತ್ರ ಇರುತ್ತದೆ. ಹೆಸರಿನ ಕಾಗುಣಿತ ಹೇಗೆ ಬೇಕಾದರೂ ಬದಲಾಗಿರಬಹುದಾದ್ದರಿಂದ, ಪದಕದ ಅಂಚಿನ ಸಂಖ್ಯೆಯನ್ನೂ ತುಕಡಿಯನ್ನೂ ಭೂತಗನ್ನಡಿಯಲ್ಲಿ ಓದಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟು ಅವೆರಡರಿಂದಲೇ ಹುಡುಕಿ. ಒಂದೇ ಪೆಟ್ಟಿಗೆಯಲ್ಲಿ ಎರಡು ಬೇರೆ ಸಂಖ್ಯೆಗಳ ಪದಕಗಳಿದ್ದರೆ ಎರಡನ್ನೂ ಬೇರೆಬೇರೆಯಾಗಿ ಹುಡುಕಿ, ಸಿಕ್ಕ ಪುಟಗಳಲ್ಲಿ ತಂದೆಯ ಹೆಸರನ್ನೂ ಊರನ್ನೂ ಹೋಲಿಸಿ ನೋಡಿ, ತಪ್ಪಿದ್ದರೆ ಅಥವಾ ಬಿಟ್ಟುಹೋಗಿದ್ದರೆ ಪದಕದ ಅಂಚಿನ ಚಿತ್ರ ಹಾಗೂ ಮನೆಯ ಕಾಗದಗಳ ಸಮೇತ ಆಯೋಗಕ್ಕೆ ಬರೆಯಿರಿ.